ಎಡಗೈ ಬಿಲ್ಲು

ಡೆಲ್ಮರ್ ಅಡ್ಡಬಿಲ್ಲನ್ನು ತಂದು ಅಡುಗೆಮನೆಯ ಮೇಜಿನ ಮೇಲೆ ಇಟ್ಟಾಗ ಆರ್ಲಿಸ್ ಟೋಲೆಫ್ಸನ್ ರೂಬಾರ್ಬ್ ದಂಟು ಹೆಚ್ಚುತ್ತಿದ್ದಳು. ಜೂನ್ ತಿಂಗಳ ಮೊದಲ ಶನಿವಾರ. ಅಡ್ಡಬಿಲ್ಲಿಗೆ ಅವನು ಕೆಂಪು ರಿಬ್ಬನ್ ಬೇರೆ ಕಟ್ಟಿದ್ದ, ಮದುವೆಗೆ ಉಡುಗೊರೆ ತಂದವನ ಹಾಗೆ.

"ಏನಿದು?"

"ನೋಡಿದ್ರೆ ಗೊತ್ತಾಗಲ್ವಾ? ನಿನಗೇ. ಹಿಡಿಕೆ ತಿರುಗಿಸಿದ್ರೆ ಹೆದೆ ತಾನಾಗೇ ಏರುತ್ತೆ. ಆಮೇಲೆ ಬಂದೂಕಿನ ಹಾಗೆ ಕುದುರೆ ಒತ್ತೋದು, ಅಷ್ಟೆ. ಭುಜಕ್ಕೆ ಕೆಲಸಾನೇ ಇಲ್ಲ."

"ನಾನು ಕೇಳಿದ್ನಾ?"

"ಕೇಳಿದ್ಮೇಲೆ ಕೊಡೋನು ಅಂಗಡಿಯೋನು. ತಮ್ಮ ಅನ್ನೋನು ಕೇಳದೇನೇ ಕೊಡ್ತಾನೆ."

ಆರ್ಲಿಸ್ ಚಾಕು ಕೆಳಗಿಟ್ಟು ಕೈ ಒರೆಸಿಕೊಂಡಳು. ಅವಳಿಗೆ ಅರವತ್ತೊಂದು. ಅವನಿಗೆ ಐವತ್ತೊಂಬತ್ತು. ಅಪ್ಪ ಸತ್ತ ದಿನದಿಂದ ಅವನು ಮನೆಗೆ ಹಿರಿಯನಾಗಿಬಿಟ್ಟಿದ್ದ. ಆ ಎರಡು ವರ್ಷದ ಅಂತರ ಅವನ ಲೆಕ್ಕದಲ್ಲಿ ಎಲ್ಲೋ ಕಳೆದುಹೋಗಿತ್ತು.

ಉತ್ತರ ವಿಸ್ಕಾನ್ಸಿನ್ನಿನ ಮರದ ಮಿಲ್ಲಿನಲ್ಲಿ ಆರ್ಲಿಸ್ ಮೂವತ್ತೊಂದು ವರ್ಷ ಹಸಿ ಹಲಗೆ ವಿಂಗಡಿಸಿದವಳು. ಗಂಡಸರ ಸಾಲಿನಲ್ಲಿ ನಿಂತು, ಗಂಡಸರಷ್ಟೇ ಎತ್ತಿದವಳು. ಹಿಂದಿನ ವರ್ಷ ಆಗಸ್ಟಿನಲ್ಲಿ ಸರಕು ಏರಿಸುವ ಕಟ್ಟೆಯಿಂದ ಕಾಲು ಜಾರಿ ಬಿದ್ದಳು. ಬಲ ಭುಜದೊಳಗಿನ ಸ್ನಾಯುಗಳು ಹಳೇ ಬಟ್ಟೆಯ ಹಾಗೆ ಹರಿದವು. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯೆ ಎರಡೇ ಮಾತು ಹೇಳಿದ್ದಳು: "ಈ ಕೈಲಿ ತಳ್ಳಬಹುದು. ಎಳೆಯೋದು ಮಾತ್ರ ಇನ್ನು ಆಗಲ್ಲ." ಇಪ್ಪತ್ತು ವರ್ಷ ಅದೇ ಬಲಗೈಯಿಂದ ಹೆದೆ ಎಳೆದ ಅವಳ ಹಳೆಯ ಬಿಲ್ಲು ಅಂದಿನಿಂದ ನೆಲಮಾಳಿಗೆಯ ಗೂಟಕ್ಕೆ ಬಿತ್ತು.

ಆ ಶರತ್ಕಾಲದಲ್ಲೂ ಅವಳು ಬೇಟೆಮನೆಗೆ ಹೋಗಿದ್ದಳು. ಅಪ್ಪ ಕಟ್ಟಿದ ಮರದ ಮನೆ, ಸುತ್ತ ನಲವತ್ತು ಎಕರೆ ಕಾಡು. ಹೋಗಿ ಮಾಡಿದ್ದೇನು? ಡೆಲ್ಮರನಿಗೂ ದೊಡ್ಡಪ್ಪನ ಮಗ ರಾಯ್ಸನಿಗೂ ಎರಡು ವಾರ ಒಂದೇ ಕೈಯಲ್ಲಿ ಆಲೂಗಡ್ಡೆ ಸುಲಿದಳು. ಗಂಡಸರು ಕತ್ತಲಿರುವಾಗಲೇ ಕಾಡಿಗೆ ಹೋಗುತ್ತಿದ್ದರು, ಹಸಿದು ಬರುತ್ತಿದ್ದರು, ಬಟ್ಟಲು ಚಾಚುತ್ತಿದ್ದರು. ಯಾರೂ ಕೆಟ್ಟದಾಗಿ ನಡೆದುಕೊಳ್ಳಲಿಲ್ಲ. "ನಿನ್ನ ಕೈಯಡುಗೆ ಇರೋದಕ್ಕೇ ಕ್ಯಾಂಪಿಗೆ ಕಳೆ ಬಂದಿದೆ ಕಣೇ" ಎಂದು ಡೆಲ್ಮರ್ ಹೊಗಳಿದ್ದ ಕೂಡ. ಆ ಹೊಗಳಿಕೆ ಅವಳ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡದ್ದು ಇನ್ನೂ ಇಳಿದಿರಲಿಲ್ಲ.

"ಇದನ್ನ ವಾಪಸ್ ತಗೊಂಡ್ ಹೋಗು ಡೆಲ್."

"ಯಾಕೆ? ಅಡ್ಡಬಿಲ್ಲು ಹಿಡಿದ್ರೆ ಮಾನ ಹೋಗುತ್ತಾ? ಪಕ್ಕದ್ಮನೆ ಮುದುಕ ಅದ್ರಲ್ಲೇ ಪ್ರತಿ ವರ್ಷ ಫ್ರೀಜರ್ ತುಂಬಿಸ್ತಾನೆ."

"ಅವನು ತಾನೇ ಆರಿಸಿ ತಂದ. ಅವನಿಗೆ ಅದು ಒಗ್ಗಿದೆ, ಸರಿ. ನನ್ನ ಬಿಲ್ಲು ನಾನು ಆರಿಸ್ತೀನಿ."

"ಯಾವ ಬಿಲ್ಲು? ಎಳೆಯೋಕೆ ಕೈ ಎಲ್ಲಿದೆ ನಿಂಗೆ?"

ಆರ್ಲಿಸ್ ಎಡಗೈ ಎತ್ತಿ ಅವನ ಮೂಗಿನ ಮುಂದೆ ಹಿಡಿದು ಬೆರಳು ಆಡಿಸಿದಳು. "ಇದೇನು, ಕೈ ಅಲ್ವಾ?"

ಡೆಲ್ಮರ್ ಬಿದ್ದು ಬಿದ್ದು ನಕ್ಕ. "ಎಡಗೈಲಿ ನೀನು ಚಮಚಾನೂ ಹಿಡಿದೋಳಲ್ಲ! ಅರವತ್ತೊಂದನೇ ವಯಸ್ಸಿಗೆ ಎಡಚಿ ಆಗ್ತಾಳಂತೆ. ಬಾಣ ಬಿಡೋವಾಗ ಹೇಳು ಮಾರಾಯ್ತಿ, ನಾನು ಪಕ್ಕದ ಜಿಲ್ಲೆಗೆ ಹೋಗಿ ಕೂರ್ತೀನಿ."

ಅವನು ಅಡ್ಡಬಿಲ್ಲನ್ನು ಅಲ್ಲೇ ಬಿಟ್ಟು ಹೋದ. ಆರ್ಲಿಸ್ ರೂಬಾರ್ಬ್ ಹೆಚ್ಚಿ ಮುಗಿಸಿದಳು, ಬೇಯಿಸಿ ಒಲೆಯಿಂದ ಇಳಿಸಿದಳು. ಆಮೇಲೆ ರಿಬ್ಬನ್ ಬಿಚ್ಚಿ, ಅಡ್ಡಬಿಲ್ಲನ್ನು ಪಿಕಪ್ ಗಾಡಿಯ ಸೀಟಿಗೆ ಹಾಕಿಕೊಂಡು ವೆಂಡೆಲ್ ಕುಬಿಯಾಕನ ಅಂಗಡಿಗೆ ಹೊರಟಳು. ಡೆಲ್ಮರ್ ಅದನ್ನು ಕೊಂಡದ್ದು ಅಲ್ಲೇ. ಮೂವತ್ತು ಮೈಲಿ ಸುತ್ತಿನಲ್ಲಿ ಬಿಲ್ಲಿನ ಅಂಗಡಿ ಅದೊಂದೇ.

ಕುಬಿಯಾಕನಿಗೆ ಎಪ್ಪತ್ತು ದಾಟಿತ್ತು. ಅಂಗಡಿಯ ಮುಂದುಗಡೆ ಮೀನಿನ ಗಾಳ, ಎರೆಹುಳು. ಹಿಂದುಗಡೆ ಉದ್ದನೆಯ ಕೊಠಡಿಯಲ್ಲಿ ಬಿಲ್ಲು, ಬಾಣ, ತುದಿಯಲ್ಲಿ ಗುರಿಯ ಮೂಟೆ. ಅಡ್ಡಬಿಲ್ಲನ್ನು ನೋಡಿದ ಕೂಡಲೇ ಅವನಿಗೆ ಅರ್ಥವಾಯಿತು.

"ಡೆಲ್ಮರನಿಗೆ ನಾನು ಹೇಳ್ದೆ, ಅವಳನ್ನ ಕೇಳಿ ತಗೊಂಡ್ ಹೋಗಪ್ಪ ಅಂತ."

"ಇದನ್ನ ಇಟ್ಕೊಂಡು ಅವನಿಗೆ ದುಡ್ಡು ವಾಪಸ್ ಕೊಡು. ನನಗೆ ಎಡಗೈ ಬಿಲ್ಲು ತೋರಿಸು."

ಕುಬಿಯಾಕ್ ಅವಳ ಬಲ ಭುಜವನ್ನು ನೋಡಿದ. ಅದಕ್ಕೇನಾಯಿತೆಂದು ಊರಿಗೆಲ್ಲ ಗೊತ್ತಿತ್ತು. "ಕೈ ಬದಲಾಯಿಸಬಹುದು ಆರ್ಲಿಸ್. ಕಣ್ಣು? ನಿಂದು ಬಲಗಣ್ಣು ಮುಂದು. ಎಡಗೈಲಿ ಎಳೆದ್ರೂ ಆ ಕಣ್ಣು ಸುಮ್ನಿರಲ್ಲ, ಯಜಮಾನಿಕೆ ಮಾಡೋಕೆ ಬರುತ್ತೆ. ಬಾಣ ಒಂದಾಳುದ್ದ ಪಕ್ಕಕ್ಕೆ ಹೋಗುತ್ತೆ."

"ಟೇಪ್ ಇದ್ಯಾ?"

"ಯಾವ ಟೇಪು?"

"ಯಾವುದಾದ್ರೂ ಸರಿ."

ಅವನು ಕೊಟ್ಟ ಟೇಪಿನ ತುಂಡನ್ನು ಅವಳು ತನ್ನ ಕನ್ನಡಕದ ಬಲಗಾಜಿಗೆ ಅಂಟಿಸಿದಳು. "ಯಜಮಾನರ ಬಾಯಿ ಮುಚ್ಚಿಸಿದ್ದಾಯ್ತು. ಈಗ ತೋರಿಸು."

ಗಾಳದ ಕಪಾಟಿನ ಹತ್ತಿರ ನಿಂತಿದ್ದ ದಪ್ಪ ಗಡ್ಡದವನೊಬ್ಬ ಇದನ್ನೆಲ್ಲ ಕೇಳಿಸಿಕೊಂಡು ಒಳಗೆ ಬಂದ. ಬೇಸಗೆ ಕಳೆಯಲು ಕೆರೆ ಬದಿಗೆ ಬಂದಿರುವ ನಗರದವನು. ತೊಟ್ಟ ಅಂಗಿ, ಟೋಪಿ ಎಲ್ಲ ಹೊಸದು. "ಹೆಂಗಸರಿಗೆ ಅಂತ್ಲೇ ಗುಲಾಬಿ ಬಣ್ಣದ್ದು ಬರುತ್ತಲ್ಲಾ, ಚೆನ್ನಾಗಿರುತ್ತೆ" ಎಂದ.

"ನಿಮ್ಮ ಮೈಬಣ್ಣಕ್ಕೆ ಒಪ್ಪುತ್ತೆ, ತಗೊಳ್ಳಿ" ಎಂದಳು ಆರ್ಲಿಸ್.

ಕುಬಿಯಾಕ್ ಅವಳ ಎರಡೂ ತೋಳು ಚಾಚಿಸಿ ಅಳೆದ. ಅವಳಿಗೆ ಹೆದೆ ಎಷ್ಟು ಹಿಂದೆ ಬರಬೇಕೆಂದು ಆ ಅಳತೆಯಿಂದಲೇ ತಿಳಿಯುವುದು. ಮೊದಲು ಅವನು ತೆಗೆದುಕೊಟ್ಟದ್ದು ಆ ವರ್ಷದ ಹೊಸ ಬಿಲ್ಲು: ಮೋಟು, ಕಪ್ಪು, ಬೆಕ್ಕಿನಮರಿಯಷ್ಟು ಹಗುರ. "ಇಡೀ ಅಂಗಡೀಲಿ ಇಷ್ಟು ವೇಗದ್ದು ಇನ್ನೊಂದಿಲ್ಲ. ಹಗುರ ಬೇರೆ. ಎತ್ತಿ ಹಿಡಿಯೋ ಬಲಗೈಗೆ ನೋವಾಗಲ್ಲ."

ಎತ್ತುವುದು ನಿಜಕ್ಕೂ ಸುಲಭವಾಗಿತ್ತು. ಅವನು ಬಿಲ್ಲಿನ ತಿರುಪು ಸಡಿಲಿಸಿ, ಎಳೆಯುವ ಭಾರವನ್ನು ಮೂವತ್ತೈದು ಪೌಂಡಿಗೆ ಇಳಿಸಿಕೊಟ್ಟ. ಆರ್ಲಿಸ್ ಎಡಗೈಯಿಂದ ಹೆದೆ ಎಳೆದಳು. ಮೊದಲ ಅರ್ಧ ಮಹಾ ಬಿಗಿ; ಆಮೇಲೆ ಬಿಲ್ಲಿನ ತುದಿಯ ರಾಟೆಗಳು ತಿರುಗಿ, ಕಾಲಡಿಯ ನೆಲ ಕುಸಿದಂತೆ ಭಾರವೆಲ್ಲ ಒಮ್ಮೆಲೇ ಇಳಿದುಹೋಯಿತು. ಕೊಂಚ ಸಡಿಲ ಬಿಟ್ಟಳೋ ಇಲ್ಲವೋ, ಬಿಲ್ಲು ಅವಳ ತೋಳನ್ನು ಮುಂದಕ್ಕೆ ಕಿತ್ತುಕೊಂಡು ಹೋಯಿತು. ಹೆಂಡ ಕುಡಿಸಿದ ಹೋರಿಯ ಹಗ್ಗ ಹಿಡಿದಂತಿತ್ತು.

"ಇದು ಬೇಡ. ಇದಕ್ಕೆ ತಾಳ್ಮೆ ಇಲ್ಲ."

ಎರಡನೆಯದು ಉದ್ದನೆಯದು, ಭಾರವಾದದ್ದು. ಎಳೆದರೆ ಬೆಣ್ಣೆಯ ಹಾಗೆ ಬಂತು. ಗುರಿಯ ಮೇಲೆ ನಿಂತದ್ದು ಅಲುಗಲಿಲ್ಲ. ಆದರೆ ಹತ್ತು ಎಣಿಸುವಷ್ಟರಲ್ಲಿ ಅದನ್ನು ಎತ್ತಿ ಹಿಡಿದಿದ್ದ ಬಲ ಭುಜ ನಡುಗತೊಡಗಿತು. ಹನ್ನೆರಡಕ್ಕೆ ಕಣ್ಣಲ್ಲಿ ನೀರು ಬಂತು. ಅವಳು ಏನೂ ಆಗದವಳಂತೆ ಬಿಲ್ಲನ್ನು ಇಳಿಸಿದಳು.

"ಭುಜ?" ಎಂದ ಕುಬಿಯಾಕ್.

"ಭುಜದ ಮಾತು ಬಿಡು. ಬಿಲ್ಲಿನ ಮಾತಾಡು."

"ಬಿಲ್ಲಿನ ಮಾತೇ ಕಣಮ್ಮ. ನನ್ನ ಕೇಳಿದ್ರೆ ಒಂದು ವರ್ಷ ತಡಿ. ಭುಜ ಇನ್ನಷ್ಟು ಮಾಗಲಿ."

"ಒಂದು ವರ್ಷ ತಡೆದಾಯ್ತು. ಆಲೂಗಡ್ಡೆ ಸುಲಿದೂ ಆಯ್ತು." ಆರ್ಲಿಸ್ ತಾನೇ ಗೋಡೆಯುದ್ದಕ್ಕೂ ನಡೆದಳು. ಬಚ್ಚಲಿನ ಬಾಗಿಲ ಪಕ್ಕದ ಕೊಕ್ಕೆಯಲ್ಲಿ ಧೂಳು ತಿಂದು ನೇತಾಡುತ್ತಿದ್ದ ಒಂದನ್ನು ಕಂಡು ನಿಂತಳು. "ಇದು?"

"ಅದಾ? ಯಾರೋ ಎಡಚ ಹೇಳಿ ಮಾಡಿಸಿದ್ದು, ಆಮೇಲೆ ಬರಲೇ ಇಲ್ಲ. ನಾಲ್ಕು ವರ್ಷ ಆಯ್ತು. ಹಳೇ ಮಾದರಿ."

ಕೆಸರಿನ ಬಣ್ಣ. ಉದ್ದವೂ ಅಲ್ಲ, ಮೋಟೂ ಅಲ್ಲ. ಅದರ ರಾಟೆಗಳು ಹೊಸ ಬಿಲ್ಲುಗಳ ರಾಟೆಯಂತೆ ಅಂಕುಡೊಂಕಾಗಿರಲಿಲ್ಲ; ಬಾವಿಯ ಗಡಗಡೆಯ ಹಾಗೆ ಗುಂಡಗಿದ್ದವು. ಆರ್ಲಿಸ್ ಅಂಗೈಯಿಂದ ಧೂಳು ಒರೆಸಿ, ಎತ್ತಿ, ಎಳೆದಳು. ಭಾರ ಮೆಲ್ಲನೆ ಏರಿತು, ಮೆಲ್ಲನೆ ಇಳಿಯಿತು. ಕೊನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟಂತೆ ನಿಂತಿತು. ಹದಿನೈದು ಎಣಿಸಿದಳು. ಇಪ್ಪತ್ತು ಎಣಿಸಿದಳು. ಭುಜ ನೋಯುತ್ತಿತ್ತು, ಆದರೆ ನಡುಗಲಿಲ್ಲ.

ಗಡ್ಡದವನು ನಕ್ಕ. "ಅದರಲ್ಲಿ ಬಿಟ್ಟ ಬಾಣದ ಪಕ್ಕ ನಾವು ನಡ್ಕೊಂಡೇ ಹೋಗಬಹುದು ಬಿಡಿ."

"ಜಿಂಕೆ ನಿಲ್ಲೋದು ಹದಿನೈದು ಗಜ ದೂರದಲ್ಲಿ ಸ್ವಾಮಿ. ನಾನು ರೈಲು ಹಿಡಿಯೋಕೆ ಹೊರಟಿಲ್ಲ."

ಕುಬಿಯಾಕನ ಮೀಸೆಯಡಿ ನಗು ಹೊರಳಿತು. ಆದರೆ ಅವನು ಬಿಲ್ಲು ಕೊಟ್ಟುಬಿಡುವವನಲ್ಲ. ಮೂಲೆಯಿಂದ ಎತ್ತರದ ಸ್ಟೂಲು ಎಳೆದು ತಂದ. "ಕೂತ್ಕೋ. ಪಾದ ನೆಲಕ್ಕೆ ತಾಗಬಾರದು. ಬಿಲ್ಲನ್ನ ಆಕಾಶಕ್ಕೆ ಎತ್ತಿ ಗುದ್ದಾಡಿ ಎಳೆಯೋ ಹಾಗಿಲ್ಲ. ನೇರ ಗುರಿಗೆ ಹಿಡಿದು, ಸದ್ದಿಲ್ಲದೆ ಎಳಿ. ಎಷ್ಟು ಪೌಂಡಿಗೆ ಹಾಗೆ ಎಳೀತೀಯೋ ಅಷ್ಟೇ ನಿನ್ನ ಬಿಲ್ಲು. ಅದಕ್ಕಿಂತ ಒಂದು ಪೌಂಡು ಜಾಸ್ತಿ ಆದ್ರೂ ಅದು ಬಿಲ್ಲಲ್ಲ, ಜಂಭ."

ಮೂವತ್ತೈದಕ್ಕೆ ಎಳೆದಳು. ಮೂವತ್ತೆಂಟಕ್ಕೆ ಹಲ್ಲು ಕಚ್ಚಿ ಎಳೆದಳು. ನಲವತ್ತಕ್ಕೆ ಹೆದೆ ಅರ್ಧ ದಾರಿಯಲ್ಲೇ ನಿಂತುಬಿಟ್ಟಿತು.

"ಸರ್ಕಾರದ ಕಾನೂನಿಗೆ ಮೂವತ್ತು ಸಾಕು" ಎಂದ ಕುಬಿಯಾಕ್.

"ನನಗೆ ಸಾಲದು. ಸೆಪ್ಟೆಂಬರಿಗೆ ನಲವತ್ತೆರಡು."

"ಯಾರು ಹೇಳಿದ್ದು?"

"ನಾನು."

ಬಾಣಗಳನ್ನು ಅವಳೇ ಆರಿಸಿದಳು: ಭಾರದವು, ಮುಂಭಾಗ ತೂಕವಿರುವಂಥವು. ನಿಧಾನವಾಗಿ ಹೋದರೂ ಒಳಗೆ ಇಳಿಯಬೇಕು. ಬಾಣದ ಮೊನೆ ಸಾದಾ ಎರಡಲಗಿನದು, ತಾಗಿದಾಗ ಅಲಗು ಬಿಚ್ಚಿಕೊಳ್ಳುವ ಆಟದ ಸಾಮಾನು ಬೇಡ ಎಂದಳು. ಅಲ್ಲಿ ಮಾತ್ರ ಕುಬಿಯಾಕ್ ತಲೆಯಾಡಿಸಿ ಒಪ್ಪಿದ.

ಮೊದಲ ವಾರ ಆರ್ಲಿಸ್ ಹಿತ್ತಲಲ್ಲಿ ಐದು ಹೆಜ್ಜೆ ದೂರದಿಂದ ಹುಲ್ಲಿನ ಮೂಟೆಗೆ ಹೊಡೆದಳು. ಐದು ಹೆಜ್ಜೆಯಿಂದಲೂ ತಪ್ಪಿತು. ಬಾಣವೊಂದು ಕೋಳಿಗೂಡಿನ ಗೋಡೆಗೆ ಹೊಕ್ಕಿತು. ಇಷ್ಟು ವರ್ಷ ಸುಮ್ಮನೆ ಜೊತೆಗಿದ್ದ ಎಡಗೈಗೆ ಏನೂ ಗೊತ್ತಿರಲಿಲ್ಲ. ಹೆದೆಗೆ ಬಾಣ ಸಿಕ್ಕಿಸುವುದು ಗೊತ್ತಿರಲಿಲ್ಲ, ಬಿಡಬೇಕಾದಾಗ ಬಿಡುವುದು ಗೊತ್ತಿರಲಿಲ್ಲ, ಕೆನ್ನೆಯ ಮೇಲೆ ಎಲ್ಲಿ ನಿಲ್ಲಬೇಕೆಂಬುದೂ ಗೊತ್ತಿರಲಿಲ್ಲ. ಅವಳು ಅದಕ್ಕೆ ಹಲ್ಲುಜ್ಜಲು ಕಲಿಸಿದಳು, ಕಾಫಿ ಕಲಕಲು ಕಲಿಸಿದಳು, ಬಾಗಿಲ ಬೀಗ ತೆಗೆಯಲು ಕಲಿಸಿದಳು. ಹೆದೆ ತಾಗಿ ಬಲ ಮುಂಗೈ ಊದಿ ನೇರಳೆ ಬಣ್ಣಕ್ಕೆ ತಿರುಗಿತು. ಮಿಲ್ಲಿನ ಹಳೆಯ ಜೊತೆಗಾರನೊಬ್ಬ "ಮನೇಲಿ ಯಾರು ಹೊಡೀತಾರೆ ನಿಂಗೆ?" ಎಂದು ಕೇಳಿದಾಗ, "ನಾನೇ" ಎಂದಳು.

ಡೆಲ್ಮರನಿಗೆ ಸಿಟ್ಟು ಇಳಿದಿರಲಿಲ್ಲ. ಕುಬಿಯಾಕ್ ದುಡ್ಡು ಹಿಂದಿರುಗಿಸಿದ್ದು ಅವನಿಗೆ ಕಪಾಳಕ್ಕೆ ಹೊಡೆದಂತಾಗಿತ್ತು. ಶುಕ್ರವಾರ ಮೀನೂಟಕ್ಕೆ ಸೇರುವ ಹೋಟೆಲಿನಲ್ಲಿ ಎಲ್ಲರಿಗೂ ಕೇಳುವಂತೆ, "ನಮ್ಮಕ್ಕನ ಹಿತ್ತಲಿಗೆ ಹೋಗೋದಾದ್ರೆ ಬಿಳಿ ಬಾವುಟ ಹಿಡ್ಕೊಂಡು ಹೋಗ್ರಪ್ಪಾ" ಎಂದ. ಆಮೇಲೆ ಅವಳ ಎದುರು ಕೂತು, ಈ ಸಲ ನಗದೆ ಹೇಳಿದ: "ಹಂಗಿಸೋಕಲ್ಲ ಆರ್ಲಿ. ಅರೆಪೆಟ್ಟು ಬಿದ್ದ ಜಿಂಕೆ ಕಾಡಲ್ಲಿ ನರಳಿ ಸಾಯೋದನ್ನ ನೋಡಿದ್ದೀಯಲ್ಲ? ನಿನ್ನ ಹಟಕ್ಕೆ ಅದು ಯಾಕೆ ಸಾಯಬೇಕು?"

ಅವಳು ತಟ್ಟೆ ಸರಿಸಿ ಎದ್ದಳು. ಅವನು ಹೇಳಿದ್ದು ನಿಜವಾಗಿತ್ತು. ಮನೆಗೆ ಬಂದು, ಬೆಳಕಿರುವವರೆಗೂ ಬಾಣ ಬಿಟ್ಟಳು. ಮರುದಿನ ಗುರಿಯನ್ನು ಐದು ಗಜ ಹಿಂದಕ್ಕೆ ಸರಿಸಿದಳು. ಆಗಸ್ಟ್ ನಡುವಿನಲ್ಲಿ ಸ್ಟೂಲಿನ ಮೇಲೆ ಕೂತು ನಲವತ್ತು ಪೌಂಡು ಎಳೆದಳು. ಕೊನೆಯ ವಾರ ನಲವತ್ತೆರಡು.

ಬೇಟೆಯ ಋತು ಆರಂಭವಾಗುವ ಹಿಂದಿನ ಮಧ್ಯಾಹ್ನ ಮೂವರೂ ಬೇಟೆಮನೆಯಲ್ಲಿ ಸೇರಿದರು. ಆರ್ಲಿಸ್ ತನ್ನ ಚೀಲ ಇಳಿಸುವಷ್ಟರಲ್ಲೇ ಡೆಲ್ಮರ್ ಅಂಗಳದಲ್ಲಿ ಹುಲ್ಲಿನ ಮೂಟೆಗೆ ಒಂದು ಕಾಗದದ ತಟ್ಟೆ ಚುಚ್ಚಿ ನಿಲ್ಲಿಸಿದ್ದ.

"ಅಪ್ಪನ ನಿಯಮ ನೆನಪಿದೆಯಾ? ಇಪ್ಪತ್ತು ಗಜ, ಮೂರು ಬಾಣ, ಮೂರೂ ತಟ್ಟೇಲಿ. ಇಲ್ಲಾಂದ್ರೆ ಕಾಡಿಗೆ ಹೆಜ್ಜೆ ಇಡೋ ಹಾಗಿಲ್ಲ."

ಆ ನಿಯಮವನ್ನು ಹತ್ತು ವರ್ಷದಿಂದ ಯಾರೂ ನೆನೆದಿರಲಿಲ್ಲ. ರಾಯ್ಸ್ ಸಂಕೋಚದಿಂದ ಬೂಟಿನ ತುದಿ ನೋಡಿಕೊಂಡ. ಅವನು ಮಾತು ಕಡಿಮೆಯವನು, ಜಗಳ ಕಂಡರೆ ಸೌದೆ ತರಲು ಹೋಗುವವನು.

"ಒಳ್ಳೇ ನಿಯಮ" ಎಂದಳು ಆರ್ಲಿಸ್. "ಮೂವರೂ ಹೊಡೆಯೋಣ. ಆದ್ರೆ ಕಾಡಲ್ಲಿ ಯಾರೂ ನಿಂತು ಹೊಡೆಯಲ್ಲ. ಬಕೆಟ್ ಬೋರಲು ಹಾಕಿ, ಕೂತು ಹೊಡೆಯೋಣ. ಬಿಲ್ಲು ಆಕಾಶಕ್ಕೆ ಎತ್ತೋ ಹಾಗಿಲ್ಲ."

"ಅಪ್ಪ ಹಾಗೇನೂ ಹೇಳಿರ್ಲಿಲ್ಲ."

"ಕೂರಬಾರದು ಅಂತಾನೂ ಹೇಳಿರ್ಲಿಲ್ಲ. ಯಾಕೋ, ಮೊಣಕಾಲು ನೋವಾ?"

ರಾಯ್ಸ್ ಮೊದಲು ಕೂತ. ಮೂರು ಬಾಣ, ಮೂರೂ ತಟ್ಟೆಯಲ್ಲಿ. ಎದ್ದು ಬಂದು ಏನೂ ಆಗಿಲ್ಲವೆಂಬಂತೆ ನಿಂತ.

ಡೆಲ್ಮರನದು ಎರಡು ವರ್ಷದ ಹಿಂದೆ ಕೊಂಡ ಎಪ್ಪತ್ತು ಪೌಂಡಿನ ಬಿಲ್ಲು. ನಿಂತು, ಆಕಾಶಕ್ಕೆ ಎತ್ತಿ, ಸೊಂಟ ತಿರುಗಿಸಿ ಎಳೆದು ಅಭ್ಯಾಸ. ಕೂತಾಗ ಹೊಟ್ಟೆ ಅಡ್ಡ ಬಂತು. ಮೊದಲ ಬಾಣ ತಟ್ಟೆಗೆ ಹೋಯಿತು. ಎರಡನೆಯದಕ್ಕೆ ಕತ್ತಿನ ನರ ಉಬ್ಬಿತು, ಅದೂ ಹೋಯಿತು. ಮೂರನೆಯದಕ್ಕೆ ಹೆದೆ ಕಾಲು ಭಾಗ ಬಂದು ನಿಂತಿತು. ಮತ್ತೆ ಎಳೆದ. ಮತ್ತೆ ನಿಂತಿತು. ಮುಖ ಬೀಟ್ರೂಟಾಯಿತು.

"ಬೆನ್ನು ಹಿಡ್ಕೊಂಡಿದೆ. ಬೆಳಿಗ್ಗೆ ಗಾಡೀಲಿ ಕೂತಿದ್ದು" ಎಂದು ಎದ್ದುಬಿಟ್ಟ.

ಆರ್ಲಿಸ್ ಬಕೆಟ್ಟಿನ ಮೇಲೆ ಕೂತು, ಬಲಗಾಜಿನ ಟೇಪನ್ನು ಒಮ್ಮೆ ಒತ್ತಿಕೊಂಡಳು. ಮೊದಲ ಬಾಣ ತಟ್ಟೆಯ ನಟ್ಟನಡುವೆ. ಎರಡನೆಯದು ಅದರ ಬದಿಗೆ. ಮೂರನೆಯದನ್ನು ಬಿಡುವಾಗಲೇ ತಪ್ಪಿತೆಂದು ಅವಳಿಗೆ ತಿಳಿಯಿತು. ತಟ್ಟೆ ಹರಿದುಹೋಗಲಿ ಎಂಬ ಆಸೆಗೆ ಬೆರಳು ಅವಸರ ಮಾಡಿತ್ತು. ಬಾಣ ತಟ್ಟೆಯ ಅಂಚಿನಿಂದ ಹೆಬ್ಬೆರಳಗಲ ಹೊರಗೆ ನಾಟಿತು.

ರಾಯ್ಸ್ ಮೂಟೆಯ ಬಳಿ ಹೋಗಿ ಬಗ್ಗಿ ನೋಡಿದ. ತಿರುಗಿ ಬಂದು, "ನಿಯಮ ಅಂದ್ರೆ ಇಬ್ರೂ ಹೊರಗೇ" ಎಂದ.

"ನಿಯಮ ಕಲಿಯೋರಿಗೆ" ಎಂದ ಡೆಲ್ಮರ್. "ನಾನು ನಲವತ್ತು ವರ್ಷದಿಂದ ಹೊಡೀತಿದ್ದೀನಿ. ನಾನು ನಾಳೆ ಹೋಗೋನೇ."

"ಹೋಗು" ಎಂದಳು ಆರ್ಲಿಸ್. "ನಾನು ಮೂರೂ ಹೊಡೆದ್ಮೇಲೆ ಬರ್ತೀನಿ."

"ಅಂದ್ರೆ ನಾಳೆ ಕ್ಯಾಂಪಲ್ಲೇ ಇರ್ತೀಯ?" ಅವನ ದನಿಯಲ್ಲಿ ನೆಮ್ಮದಿ ಇಣುಕಿತು.

"ಇರ್ತೀನಿ. ಅಂಗಳದಲ್ಲಿ."

ಬೇಟೆಯ ಮೊದಲ ದಿನವಿಡೀ ಅವಳು ಅಂಗಳ ಬಿಡಲಿಲ್ಲ. ಒಮ್ಮೆಗೆ ಮೂರೇ ಬಾಣ. ಬಿಟ್ಟು, ನಡೆದು ಹೋಗಿ ಕಿತ್ತು ತಂದು, ಬಿಸಿಲಲ್ಲಿ ಗೋಡೆಗೆ ಒರಗಿ ಕೂತು ಕೈ ತಣಿಯುವವರೆಗೆ ಕಾದು, ಮತ್ತೆ ಮೂರು. ನಡುವೆ ಭುಜಕ್ಕೆ ಮಂಜುಗಡ್ಡೆಯ ಚೀಲ. ಮಧ್ಯಾಹ್ನ ಗಂಡಸರು ಬರಿಗೈಯಲ್ಲಿ ಬಂದರು. ಒಲೆ ತಣ್ಣಗಿತ್ತು.

ಡೆಲ್ಮರ್ ಪಾತ್ರೆಗಳ ಮುಚ್ಚಳ ಎತ್ತೆತ್ತಿ ನೋಡಿದ. "ಊಟ?"

"ಬ್ರೆಡ್ ಕಪಾಟಲ್ಲಿದೆ. ಚಾಕು ಅದರ ಪಕ್ಕ."

"ಬೆಳಿಗ್ಗೆಯಿಂದ್ಲೂ ಇಲ್ಲೇ ಇದ್ಯಲ್ಲೇ!"

"ಇದ್ದೆ. ನಾನು ಬಂದಿರೋದು ಬೇಟೆಗೆ. ನೀನೂ ಅದಕ್ಕೇ ಬಂದಿರೋದು. ಇಬ್ರಿಗೂ ಇನ್ನೂ ಏನೂ ಸಿಕ್ಕಿಲ್ಲ, ಅಷ್ಟೇ ಸಮಾಚಾರ."

ರಾಯ್ಸ್ ಸದ್ದಿಲ್ಲದೆ ಮೂರು ತಟ್ಟೆಗೆ ಬ್ರೆಡ್ಡು, ಚೀಸು ಕೊಯ್ದಿಟ್ಟ.

ಮರುದಿನ ಬೆಳಕು ಹರಿದ ಮೇಲೆ ಅವಳು ರಾಯ್ಸನನ್ನು ತಡೆದು ಸಾಕ್ಷಿಗೆ ನಿಲ್ಲಿಸಿಕೊಂಡಳು. ಮೈ ಬಿಸಿಯಾಗುವ ಮುಂಚೆ, ಒಂದೂ ಅಭ್ಯಾಸದ ಬಾಣ ಬಿಡದೆ, ಜಿಂಕೆ ಎದುರಿಗೆ ಬಂದಾಗ ಹೇಗೋ ಹಾಗೆ ಬಕೆಟ್ಟಿನ ಮೇಲೆ ಕೂತಳು. ಒಂದು. ಎರಡು. ಮೂರನೆಯದಕ್ಕೆ ಉಸಿರು ಬಿಟ್ಟು, ತಟ್ಟೆಯನ್ನು ಮರೆತು, ಅದರ ನಡುವಿನ ಒಂದು ಸುಕ್ಕನ್ನು ಮಾತ್ರ ನೋಡಿದಳು. ಬಾಣ ಆ ಸುಕ್ಕಿಗೆ ಹೊಕ್ಕಿತು.

"ಮೂರು" ಎಂದ ರಾಯ್ಸ್. ಆಮೇಲೆ, ಅವನ ಮಟ್ಟಿಗೆ ದೀರ್ಘ ಭಾಷಣವೇ ಎನ್ನಬಹುದಾದದ್ದನ್ನು ಹೇಳಿದ: "ಹಳ್ಳದ ಹತ್ರ ಬಿದ್ದಿರೋ ಹೆಮ್‌ಲಾಕ್ ಮರ ಇದೆಯಲ್ಲ, ಅದರ ಹಿಂದೆ ಕೂರು. ಅಟ್ಟಣಿಗೆ ಏಣಿ ಹತ್ತೋದು ಬೇಕಿಲ್ಲ. ಸಂಜೆ ಗಾಳಿ ಹಳ್ಳದಿಂದ ನಿನ್ನ ಕಡೆಗೇ ಬೀಸುತ್ತೆ, ಜಿಂಕೆಗೆ ನಿನ್ನ ವಾಸನೆ ಹೋಗಲ್ಲ."

ಆರ್ಲಿಸ್ ಆ ಮರದ ಹಿಂದೆ ಎರಡು ಸಂಜೆ ಕೂತಳು. ಮೊದಲ ಸಂಜೆ ಹಳ್ಳದಾಚೆಯಿಂದ ದೊಡ್ಡ ಗಂಡು ಜಿಂಕೆ ಬಂತು. ಹತ್ತು ಕವಲಿನ ಕೊಂಬು, ಎತ್ತಿನಂಥ ಕುತ್ತಿಗೆ. ಮೂವತ್ತೈದು ಗಜದಲ್ಲಿ ಪಕ್ಕ ಕೊಟ್ಟು ನಿಂತು, ಮೂತಿ ಎತ್ತಿ ಗಾಳಿ ಮೂಸಿತು. ಹಳೆಯ ಬಿಲ್ಲು, ಹಳೆಯ ಭುಜ ಇದ್ದಿದ್ದರೆ ಅವಳು ಎರಡು ಸಲ ಯೋಚಿಸುತ್ತಿರಲಿಲ್ಲ. ಈ ಬಿಲ್ಲಿಗೆ ಇಪ್ಪತ್ತೇ ಗಜ ಎಂದು ಅವಳೇ ಗೆರೆ ಎಳೆದಿದ್ದಳು. ಬಿಲ್ಲು ತೊಡೆಯ ಮೇಲೇ ಇತ್ತು. ಜಿಂಕೆ ಮೇಯುತ್ತ ಮೇಯುತ್ತ ಹೊರಟುಹೋಯಿತು. ಅದರ ಬಾಲ ಮರೆಯಾದ ಮೇಲೆ ಅವಳು ಒಂದು ಕೆಟ್ಟ ಬೈಗುಳ ಬೈದಳು, ಮೆಲ್ಲಗೆ, ನಾರ್ವೆಯಿಂದ ಬಂದ ಅಜ್ಜಿಯ ಭಾಷೆಯಲ್ಲಿ.

ಎರಡನೆಯ ಸಂಜೆ ಮೂರು ಹೆಣ್ಣು ಜಿಂಕೆಗಳು ಹಳ್ಳ ದಾಟಿ ಬಂದವು. ಹಿಂದಿನದು ತುಂಬಿದ ಮೈಯದು, ಮರಿ ಇಲ್ಲದ್ದು. ಇಪ್ಪತ್ತೈದು ಗಜ. ಇಪ್ಪತ್ತು. ಹದಿನಾಲ್ಕು. ಅದರ ತಲೆ ಬರ್ಚ್ ಮರದ ಹಿಂದೆ ಮರೆಯಾದಾಗ ಆರ್ಲಿಸ್ ಎಳೆದಳು. ಎಡಗೈ ಕೇಳದೇ ಬಂದು ಕೆನ್ನೆಯ ಮೇಲೆ ಕೂತಿತು. ಭುಜದಲ್ಲಿ ಸೂಜಿ ಆಡಿತು. ಆಡಲಿ ಎಂದು ಬಿಟ್ಟಳು. ಜಿಂಕೆ ಇನ್ನೆರಡು ಹೆಜ್ಜೆ ಇಟ್ಟು ಮುಂಗಾಲು ಚಾಚಿತು. ಆ ಕಾಲಿನ ಹಿಂದಿನ ಒಂದು ಮಡಿಕೆಯನ್ನಷ್ಟೇ ನೋಡಿದಳು.

ಹೆದೆ ಟಪ್ ಎಂದದ್ದು ಅವಳಿಗೆ ಕೇಳಿಸಲೇ ಇಲ್ಲ. ಬಾಣ ಆಚೆ ಬದಿಯಿಂದ ಹೊರಬಂದು ನೆಲಕ್ಕೆ ನಾಟಿದ್ದನ್ನು ಕಂಡಳು. ಜಿಂಕೆ ಬೆನ್ನು ಬಾಗಿಸಿ ಜಿಗಿದು, ಓಡಿ, ಪೊದೆಯಲ್ಲಿ ಕರಗಿತು.

ಅರ್ಧ ಗಂಟೆ ಅವಳು ಏಳಲಿಲ್ಲ. ಡೆಲ್ಮರ್ ಹೋಟೆಲಿನಲ್ಲಿ ಹೇಳಿದ ಅರೆಪೆಟ್ಟಿನ ಮಾತು ಆ ಅರ್ಧ ಗಂಟೆಯೂ ಎದುರಿಗೆ ಕೂತಿತ್ತು. ಆಮೇಲೆ ಎದ್ದು ಬಾಣದ ಬಳಿ ಹೋದಳು. ರಕ್ತ ತಿಳಿಗೆಂಪು, ನೊರೆನೊರೆ. ಶ್ವಾಸಕೋಶದ್ದು. ಅರವತ್ತು ಹೆಜ್ಜೆ ದೂರದಲ್ಲಿ ಜಿಂಕೆ ಮಗ್ಗುಲಾಗಿ ಬಿದ್ದಿತ್ತು, ಒದ್ದಾಡಿದ ಗುರುತೇ ಇರಲಿಲ್ಲ. ಆರ್ಲಿಸ್ ಮಂಡಿಯೂರಿ ಅದರ ಬಿಸಿ ಮೈಮೇಲೆ ಅಂಗೈ ಇಟ್ಟು, ಕನ್ನಡಕ ತೆಗೆದು, ಒರಟಾಗಿ ಕಣ್ಣೊರೆಸಿಕೊಂಡಳು. "ಬೇಗ ಹೋದೆಯಲ್ಲ, ಪುಣ್ಯಾತ್ಗಿತ್ತಿ" ಎಂದಳು.

ಕರುಳು ತೆಗೆದು ಮುಗಿಸುವಷ್ಟರಲ್ಲಿ ಡೆಲ್ಮರ್ ಹಳ್ಳದ ದಾರಿಯಿಂದ ಬಂದ. ಅವನ ಬತ್ತಳಿಕೆ ತುಂಬಿತ್ತು, ಒಂದು ಬಾಣವೂ ಖರ್ಚಾಗಿರಲಿಲ್ಲ. ಜಿಂಕೆಯನ್ನು ನೋಡಿದ. ಬಾಣ ಹೊಕ್ಕ ಜಾಗ ನೋಡಿದ. ಹೊರಬಂದ ಜಾಗವನ್ನೂ ಬಗ್ಗಿ ನೋಡಿದ.

"ಎಷ್ಟು ದೂರ?"

"ಹದಿನಾಲ್ಕು."

"ಅದೃಷ್ಟ ಕಣೇ."

"ಹೌದು. ಜೂನಿನಿಂದ ದಿನಾ ಸಂಜೆ ನನ್ನ ಹಿತ್ತಲಿಗೆ ಬಂದು ಹೋಗ್ತಿತ್ತು ಆ ಅದೃಷ್ಟ. ಒಂದು ಕಾಲು ಹಿಡಿ. ಎಳೆಯೋಕೆ ನನಗೆ ಒಂದೇ ಕೈ ಇರೋದು."

ಅವನು ಬಿಲ್ಲನ್ನು ಹೆಗಲಿಗೇರಿಸಿ ಒಂದು ಕಾಲು ಹಿಡಿದ. ಇಬ್ಬರೂ ಜಿಂಕೆಯನ್ನು ತರಗೆಲೆಯ ಮೇಲೆ ಎಳೆದುಕೊಂಡು ಹೊರಟರು. ಏರು ಹತ್ತಿ ನಿಂತಾಗ ಡೆಲ್ಮರ್ ಅವಳ ಕಡೆ ನೋಡದೆ ಹೇಳಿದ:

"ನನ್ನ ಅಟ್ಟಣಿಗೆ ಕೆಳಗೇ ಬಂದಿತ್ತು. ನಿನ್ನೆ ನೀನು ನೋಡಿದೆ ಅಂದ್ಯಲ್ಲ, ಆ ಹತ್ತು ಕವಲಿಂದು. ಹತ್ತು ಗಜ ಕೂಡ ಇರ್ಲಿಲ್ಲ. ಕಾಲು ಗಂಟೆ ಅಲ್ಲೇ ನಿಂತಿತ್ತು."

"ಮತ್ತೆ?"

"ಎಳೆಯೋಕೆ ಆಗ್ಲಿಲ್ಲ. ಚಳಿಗೆ ಮೈ ಹಿಡ್ಕೊಂಡಿತ್ತು. ಎದ್ದು ನಿಂತೆ. ಹಲಗೆ ಕಿರ್ ಅಂತು. ಹೋಯ್ತು."

ಆರ್ಲಿಸ್‌ಗೆ ಆ ಕ್ಷಣ ಎಷ್ಟೋ ಮಾತು ನಾಲಿಗೆಯ ತುದಿಗೆ ಬಂದವು: ಬಿಳಿ ಬಾವುಟ, ಪಕ್ಕದ ಜಿಲ್ಲೆ, ಚಮಚ. ಅವುಗಳಲ್ಲಿ ಒಂದನ್ನೂ ಆಡಲಿಲ್ಲ; ಹಾಗೆಂದು ಸುಮ್ಮನೂ ಇರಲಿಲ್ಲ.

"ಎಪ್ಪತ್ತು ಪೌಂಡು ಯಾತಕ್ಕೋ ನಿಂಗೆ? ಜಿಂಕೆಗಾ, ಹೋಟೆಲಲ್ಲಿ ಹೇಳ್ಕೊಳ್ಳೋಕಾ?"

"ನಿನ್ನಿಂದ ಪಾಠ ಹೇಳಿಸ್ಕೊಳ್ಳೋ ಗತಿ ಬಂದಿಲ್ಲ ನಂಗೆ."

"ಬಂದಿದೆ. ಎಳಿ, ಎಳಿ, ಕತ್ತಲಾಗ್ತಿದೆ."

ಆ ರಾತ್ರಿ ಜಿಂಕೆಯ ಈಲಿಯನ್ನು ಈರುಳ್ಳಿ ಹಾಕಿ ಹುರಿದದ್ದು ರಾಯ್ಸ್. ಪಾತ್ರೆ ತೊಳೆದದ್ದು ಡೆಲ್ಮರ್. ಯಾರೂ ಅವನಿಗೆ ಹೇಳಿರಲಿಲ್ಲ. ಆರ್ಲಿಸ್ ಒಲೆಯ ಹತ್ತಿರ ಕಾಲು ಚಾಚಿ ಕೂತು, ತನ್ನ ಬಾಣದ ಅಲಗನ್ನು ಮಸೆದಳು.

ಬೆಳಿಗ್ಗೆ ಅವಳು ಕಾಫಿ ಹಿಡಿದು ಹೊರಗೆ ಬಂದಾಗ ಡೆಲ್ಮರ್ ಮೆಟ್ಟಿಲ ಮೇಲೆ ಕೂತಿದ್ದ. ಬಿಲ್ಲನ್ನು ತೊಡೆಯ ಮೇಲೆ ಮಗುಚಿಕೊಂಡು, ಎಳೆತದ ಭಾರದ ತಿರುಪಿಗೆ ಕೀಲಿ ಹಾಕಿ, ಮುಖ ಕಿವುಚಿ ತಿರುಗಿಸುತ್ತಿದ್ದ. ಅವಳ ನೆರಳು ಬಿದ್ದದ್ದೇ ಕೈ ನಿಲ್ಲಿಸಿದ.

"ಏನು ನೋಡ್ತಿದ್ದೀಯ?"

"ಏನಿಲ್ಲ. ಎಡಕ್ಕೆ ತಿರುಗಿಸು. ಬಲಕ್ಕೆ ತಿರುಗಿಸಿದ್ರೆ ಇನ್ನೂ ಬಿಗಿಯಾಗುತ್ತೆ."

"ಗೊತ್ತು."

"ಮೇಲೆ ಎಷ್ಟು ಸುತ್ತೋ ಕೆಳಗೂ ಅಷ್ಟೇ ಸುತ್ತು."

"ಗೊತ್ತು ಅಂದ್ನಲ್ಲೇ!"

ಅವಳು ಕಾಫಿ ಮುಗಿಸಿ, ಬಟ್ಟಲನ್ನು ಅವನ ಪಕ್ಕ ಮೆಟ್ಟಿಲ ಮೇಲಿಟ್ಟಳು. ಇನ್ನೊಂದು ಜಿಂಕೆಗೆ ಪರವಾನಗಿ ಅವಳ ಜೇಬಿನಲ್ಲಿತ್ತು. ಬಿಲ್ಲನ್ನು ಕೈಗೆತ್ತಿಕೊಂಡು ಅಂಗಳ ದಾಟಿ, ಹಳ್ಳದ ಕಡೆಗೆ ಇಳಿದಳು.